ಹೊಳೆಮೆಟ್ಟಿಲ ಮೇಲಿನ ತುಂಗವ್ವ

ನಮ್ಮೂರಿನಲ್ಲಿ ಸಾರು ಸಪ್ಪೆಯಾದರೆ ಯಾರೂ ಅಡುಗೆ ಮಾಡಿದವರನ್ನು ಬೈಯುವುದಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ಫೋನು ತೆಗೆದು, "ಯಾರಪಾ ಅದು, ಹೊಸಬರಿಗೆ ಏನಂದ್ರಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಆಡುವ ಏಳುಗುಡ್ಡದ ಆಟಕ್ಕೆ ಎಲ್ಲಿಂದಲೋ ಒಬ್ಬರು ಹೊಸದಾಗಿ ಬಂದು, ನಮ್ಮೂರಿನವರ ಮಾತಿನಿಂದ ಅವರ ಮನಸ್ಸು ನೊಂದರೆ ಊರಿನ ಉಪ್ಪಿನ ರುಚಿಯೆಲ್ಲ ಹೋಗುತ್ತದೆ. ಭರಣಿಯ ಕಲ್ಲುಪ್ಪು, ಅಂಗಡಿಯ ಪುಡಿ ಉಪ್ಪು, ಹಪ್ಪಳದೊಳಗಿನ ಉಪ್ಪು, ಕೊನೆಗೆ ಬೆವರಿನ ಉಪ್ಪು ಕೂಡ. ನೊಂದವರಿಗೆ ಸಮಾಧಾನವಾದ ಮೇಲೆ ತಾನಾಗಿಯೇ ವಾಪಸು ಬರುತ್ತದೆ. ಯಾಕೆ ಹೀಗೆ ಅಂತ ಬಂದ ನೆಂಟರು ಕೇಳುತ್ತಾರೆ. ಅದನ್ನು ಯೋಚಿಸುತ್ತ ಕೂರುವಷ್ಟು ಪುರುಸೊತ್ತು ನಮಗಿಲ್ಲ. ಸಪ್ಪೆ ಸಾರಿಗೆ ಹುಣಸೆಹುಳಿ ಹೆಚ್ಚಿಗೆ ಹಿಂಡಿ, ಮೆಣಸಿನಕಾಯಿ ನಾಲ್ಕು ಜಾಸ್ತಿ ಮುರಿದು ಹಾಕಿ ಹೊತ್ತು ಕಳೆಯುವುದನ್ನು ಕಲಿತುಬಿಟ್ಟಿದ್ದೇವೆ.

ಆಟ ಆಡದವರು ನಮ್ಮೂರಲ್ಲಿ ಯಾರೂ ಇಲ್ಲ. ಸಂಜೆ ಅಂಗಡಿಯ ಬಾಗಿಲು ಎಳೆದು ಜನ ಏಳುಗುಡ್ಡಕ್ಕೆ ಹೋಗುತ್ತಾರೆ. ಹೋಗುವುದೆಂದರೆ ಕಟ್ಟೆಯ ಮೇಲೆ ಕುಳಿತು ಫೋನು ಹಿಡಿಯುವುದು, ಅಷ್ಟೇ. ಆಟದೊಳಗೆ ಒಂದು ಹೊಳೆ ಇದೆ, ಹೊಳೆಗೆ ಕಲ್ಲಿನ ಮೆಟ್ಟಿಲುಗಳಿವೆ. ದೇಶದ ಯಾವ ಮೂಲೆಯಿಂದ ಬಂದರೂ ಹೊಸಬರು ಮೊದಲು ನೀರಿನಿಂದೆದ್ದು ಆ ಮೆಟ್ಟಿಲ ಮೇಲೆಯೇ ನಿಲ್ಲಬೇಕು. ಅಲ್ಲಿಂದ ಮುಂದೆ ಒಂದರ ಹಿಂದೊಂದು ಏಳು ಗುಡ್ಡಗಳು.

ಆ ಮೆಟ್ಟಿಲ ಮೇಲೆ ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನು ನಾವು ಒಂದೊಂದೇ ಸಪ್ಪೆ ಊಟ ಉಂಡು ಕಲಿತದ್ದು. ಒಮ್ಮೆ ನಮ್ಮವರೊಬ್ಬರು, ಎಡವುತ್ತ ನಡೆಯುತ್ತಿದ್ದ ಹೊಸಬರನ್ನು ಪ್ರೀತಿಯಿಂದಲೇ "ಏ ಮರಿ" ಅಂದರು. ಆ ಮರಿ ಯಾವುದೋ ಊರಿನ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆಯ ಕೋಪ ಇಳಿಯುವವರೆಗೆ ಊರಿಡೀ ಸಪ್ಪೆ ಉಪ್ಪಿಟ್ಟು ತಿಂದಿತು. ಇನ್ನೊಮ್ಮೆ ದರ್ಜಿ ಹೊಳೆಬಸಪ್ಪ, ಬಂದವರ ಕೈಗೆ ತನ್ನ ಎಲ್ಲಕ್ಕಿಂತ ಚೂಪಾದ ಕತ್ತಿಯನ್ನು ದಾನ ಮಾಡಿದ. ಅವರು ಕತ್ತಿಯನ್ನು ಹೊಳೆಗೆ ಎಸೆದು ಹೊರಟೇ ಹೋದರು. ತಾನೇ ಹುಡುಕಿ ಗಳಿಸುತ್ತೇನೆ ಅಂತ ಆಸೆಯಿಂದ ಬಂದವರಿಗೆ ಎಲ್ಲವನ್ನೂ ಬಾಗಿಲಲ್ಲೇ ಕೊಟ್ಟುಬಿಟ್ಟರೆ ಮತ್ತೇನು ಉಳಿಯಿತು? ಒಂದು ಸಲ ಎಲ್ಲರೂ ಸೇರಿ ಸುತ್ತುಗಟ್ಟಿ ಕುಣಿದೆವು. ಹೊಸಬರು ಹೆದರಿ ನೀರಿಗೆ ಬಿದ್ದರು. ಇದೆಲ್ಲ ಬೇಡಪ್ಪ ಎಂದು ಮಾತೇ ಆಡದೆ ಸುಮ್ಮನಿದ್ದು ನೋಡಿದೆವು, ಆಗಲೂ ಉಪ್ಪು ಹೋಯಿತು.

ಹೀಗೆ ಕೆಟ್ಟು ಕೆಟ್ಟು ಕಡೆಗೆ ಉಳಿದದ್ದು ನಮ್ಮತ್ತೆ ತುಂಗವ್ವ ಒಬ್ಬರೇ. ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮದೊಂದು ಖಾನಾವಳಿ ಇದೆ. ಅತ್ತೆ ರೊಟ್ಟಿ ಬಡಿಯುತ್ತಾರೆ, ನಾನು ಬಡಿಸುತ್ತೇನೆ, ನನ್ನ ಗಂಡ ಸಂತೆಗೆ ಹೋಗಿ ಕಾಯಿಪಲ್ಲೆ ತರುತ್ತಾರೆ. ಖಾನಾವಳಿಯ ಹೊಸ್ತಿಲು ದಾಟಿದವರು ಪೊಲೀಸಿನವರಾಗಲಿ, ದಾರಿ ಕೇಳಲು ಬಂದವರಾಗಲಿ, ಅತ್ತೆಯ ಬಾಯಿಂದ ಬರುವ ಮೊದಲ ಮಾತು ಒಂದೇ: "ಬರ್ರಿ, ಊಟ ಆತೇನು?" ಯಾರೋ ತಮಾಷೆಗೆ ಅವರ ಕೈಗೆ ಫೋನು ಕೊಟ್ಟು ಮೆಟ್ಟಿಲ ಮೇಲೆ ನಿಲ್ಲಿಸಿದರು. ಅಲ್ಲಿಯೂ ಅದೇ ಮಾತು. ಹೊಸಬರು "ಇನ್ನೂ ಇಲ್ಲಜ್ಜಿ" ಅಂತಲೋ, "ಈಗ ತಾನೇ ಆಯ್ತು, ಚಿತ್ರಾನ್ನ" ಅಂತಲೋ ಬರೆದರು. ಕತ್ತಿ ಕೊಟ್ಟರೂ ಕರಗದವರು ಆ ಮಾತಿಗೆ ಕರಗಿಹೋದರು. ಕೆಲವರಂತೂ ಆಟ ಬಿಟ್ಟ ಮೇಲೂ ಆಗಾಗ ಬಂದು, ಅತ್ತೆ ಕೇಳುವವರೆಗೆ ನಿಂತು, ಉತ್ತರ ಹೇಳಿ ಹೋಗುತ್ತಿದ್ದರು.

ಅಲ್ಲಿಂದೀಚೆಗೆ ಮೆಟ್ಟಿಲು ಅತ್ತೆಯದಾಯಿತು. ಒಲೆಯ ಪಕ್ಕ ಒಗ್ಗರಣೆ ಡಬ್ಬಿಗೆ ಫೋನು ಒರಗಿಸಿ, ತಲೆಯ ಸೆರಗಿನ ಮೇಲೆ ಹೆಡ್‌ಫೋನು ಏರಿಸಿ, ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಹೊಳೆಯ ಮೇಲೆ ಇಟ್ಟು ಕೂರುತ್ತಿದ್ದರು. ಯಾರೇ ಬರಲಿ, ಅತ್ತೆಯೇ ಮಾತಾಡಿಸಬೇಕು, ಉಳಿದವರು ದೂರ ನಿಲ್ಲಬೇಕು ಅಂತ ಹೊಳೆಬಸಪ್ಪ ಊರಿಗೆಲ್ಲ ಕಟ್ಟುಮಾಡಿದ. ಇಂಥ ಕಟ್ಟುಪಾಡು ಮಾಡುವುದೆಂದರೆ ಅವನಿಗೆ ಅಂಗಿ ಹೊಲಿಯುವುದಕ್ಕಿಂತ ಇಷ್ಟ. ಊರು ಉಪ್ಪಿನ ಚಿಂತೆಯನ್ನೇ ಮರೆತಿತ್ತು.

ಉಪ್ಪಿನಕಾಯಿ ಹಾಕುವ ಕಾಲ. ನಮ್ಮಲ್ಲಿ ಎಲ್ಲ ಮನೆಯವರೂ ಒಂದೇ ದಿನ ಮಾವಿನಕಾಯಿ ಹೆಚ್ಚುತ್ತಾರೆ. ಬೀದಿಯುದ್ದಕ್ಕೂ ಈಳಿಗೆಯ ಸದ್ದು, ಸೊನೆಯ ವಾಸನೆ, ಕೈಯೆಲ್ಲ ಕಪ್ಪು. ನಾನು ಹೋಳುಗಳನ್ನು ಬಟ್ಟೆಯ ಮೇಲೆ ಹರವುತ್ತಿದ್ದೆ. ಅತ್ತೆಯ ಫೋನಿನಲ್ಲಿ ನೀರು ಕಲಕಿ ಒಂದು ಆಕೃತಿ ಎದ್ದು ಮೆಟ್ಟಿಲ ಮೇಲೆ ನಿಂತಿತು. ತಲೆಯ ಮೇಲೆ ಹೆಸರು: ಕಿಟಕಿ. ಜನ ಆಟದಲ್ಲಿ ಸಿಂಹ, ಸಿಡಿಲು ಅಂತೆಲ್ಲ ಹೆಸರಿಟ್ಟುಕೊಂಡು ಬರುವುದನ್ನು ನೋಡಿದ್ದೆವು, ಕಿಟಕಿ ಅಂತ ಬಂದವರು ಅವರೊಬ್ಬರೇ. ಅತ್ತೆಗೆ ನಗು ಬಂತು.

"ಬರ್ರಿ ಕಿಟಕಿಯವರ, ಬರ್ರಿ," ಅಂದರು. "ಊಟ ಆತೇನ್ರಿ?"

ಕಿಟಕಿ ಅಲ್ಲಾಡಲಿಲ್ಲ.

"ನಾಚಿಕಿ ಬ್ಯಾಡ್ರಿ. ಊಟ ಆಗಿಲ್ಲಂದ್ರ ಮೊದಲ ಒಂದ್ ತುತ್ತು ತಿಂದು ಬರ್ರಿ. ಖಾಲಿ ಹೊಟ್ಟೀಲೆ ಏನ್ ಆಡ್ತೀರಿ? ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ."

ಆಕೃತಿ ಬಂದಂತೆಯೇ ನೀರಿನೊಳಗೆ ಹೋಯಿತು. ನಾನು ನೋಡುತ್ತಿದ್ದ ಹಾಗೆಯೇ ಹೋಯಿತು. ಅತ್ತೆ, "ಫೋನಿನ್ಯಾಗ ಚಾರ್ಜ್ ಹ್ವಾಗಿರಬೇಕು ಪಾಪ," ಎಂದು ರೊಟ್ಟಿ ಮಗುಚಿದರು. ಆದರೆ ಹೊರಗೆ ಊಟಕ್ಕೆ ಕುಳಿತಿದ್ದ ಕಂಡಕ್ಟರು ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದ್ದರು. ನಾನು ಭರಣಿಗೆ ಕೈ ಹಾಕಿ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡೆ. ಮರಳು ತಿಂದಂತಾಯಿತು.

ಹೊಳೆಬಸಪ್ಪ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿಬಂದ. "ತುಂಗಕ್ಕಾ, ಮೆಟ್ಟಿಲ ಮ್ಯಾಲೆ ಯಾರ್ ಮಾತಾಡಿದ್ರು?"

"ನಾನ ಮಾತಾಡಿದ್ನಿ. ಮತ್ತ್ಯಾರ್ ಮಾತಾಡ್ತಾರ?"

"ಏನಂದಿ?"

"ಊಟ ಆತೇನು ಅಂದೆ."

ಊಟ ಆತೇನು ಅಂದರೆ ಯಾರು ನೊಂದುಕೊಳ್ಳುತ್ತಾರೆ? ಬೀದಿಯಲ್ಲಿ ಎಲ್ಲರೂ ಅದನ್ನೇ ಕೇಳಿಕೊಂಡರು. ಅತ್ತೆ ಮಾತ್ರ ಹರವಿದ ಮಾವಿನ ಹೋಳುಗಳ ಮೇಲೆ ಅರಿಸಿನಪುಡಿ ಉದುರಿಸಿ, ಇನ್ನೊಂದು ಬಟ್ಟೆ ಮುಚ್ಚಿದರು.

ಮರುದಿನ ಹೊಳೆಬಸಪ್ಪ ತನ್ನ ಕಟ್ಟುಪಾಡನ್ನು ತಾನೇ ಮುರಿದ. ಕಿಟಕಿಗೆ ತಪ್ಪುಕಾಣಿಕೆ ಒಪ್ಪಿಸಬೇಕು, ಎಲ್ಲರೂ ತಮ್ಮ ತಮ್ಮ ಗಂಟಿನಿಂದ ಬೆಲೆಬಾಳುವುದನ್ನು ತಂದು ಮೆಟ್ಟಿಲ ಮೇಲಿಡಿ ಎಂದು ಡಂಗುರ ಹೊಡೆಸಿದ. ಏಳುಗುಡ್ಡದಲ್ಲಿ ಬೆಲೆಬಾಳುವುದೆಂದರೆ ಹಣ್ಣು, ಜೇನು, ಬುತ್ತಿ. ಮುಳ್ಳು ಚುಚ್ಚಿದರೆ, ಕಲ್ಲು ಜಾರಿ ಬಿದ್ದರೆ ಜೀವ ಕಡಿಮೆಯಾಗುತ್ತದೆ, ತಿಂದರೆ ತುಂಬಿಕೊಳ್ಳುತ್ತದೆ. ಜನ ಧಾರಾಳ ಮನಸ್ಸಿನಿಂದ ತಂದು ಸುರಿದರು. ಮಧ್ಯಾಹ್ನ ಕಿಟಕಿ ನೀರಿನಿಂದೆದ್ದು ಆ ರಾಶಿಯನ್ನು ನೋಡಿದರು, ಬಂದ ದಾರಿ ಹಿಡಿದರು. ಉಪ್ಪು ಬರಲಿಲ್ಲ.

ಉಳಿದದ್ದೆಲ್ಲ ನಿಮಗೆ ಹೇಳದಿದ್ದರೂ ಗೊತ್ತಾಗುತ್ತದೆ. ದಿನ ಕಳೆದಂತೆ ಬೀದಿಯಲ್ಲಿ ಮಾವಿನ ಹೋಳುಗಳು ಮೆತ್ತಗಾಗತೊಡಗಿದವು. ಕೆಲವರು ಹಟಕ್ಕೆ ಬಿದ್ದು, ರುಚಿ ಇಲ್ಲದ ಉಪ್ಪನ್ನೇ ಸೇರುಗಟ್ಟಲೆ ಸುರಿದು ಉಪ್ಪಿನಕಾಯಿ ಕಲಸಿದರು. ಅವರ ಪೈಕಿ ಹೊಳೆಬಸಪ್ಪ ಮುಂದು. ಸಂಜೆ ಅವನ ಅಂಗಡಿಯಲ್ಲಿ ನಾಲ್ಕು ಜನ ಸೇರಿ ಮಾತಾಡಿದರು. ಆಮೇಲೆ ಅವನು ಖಾನಾವಳಿಗೆ ಬಂದು, ಕೂರದೆ, ಗೋಡೆ ನೋಡುತ್ತ ಹೇಳಿದ: "ತುಂಗಕ್ಕ, ಸಿಟ್ಟಾಗಬ್ಯಾಡ. ಇನ್ ಮ್ಯಾಲೆ ನೀ ಮೆಟ್ಟಿಲ ಮ್ಯಾಲೆ ನಿಲ್ಲೋದು ಬ್ಯಾಡ ಅಂತ ಎಲ್ಲಾರ ಮನಸ್ಸಿನ್ಯಾಗ ಐತಿ."

ಅತ್ತೆ ಹೆಡ್‌ಫೋನು ತೆಗೆದು ಅವನ ಕೈಗೆ ಕೊಟ್ಟರು. "ಕಿವಿ ನೋಯ್ತಿತ್ತಪಾ, ಚಲೋ ಆತು," ಅಂದರು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವತ್ತಿನಿಂದ ಅತ್ತೆ ಖಾನಾವಳಿಗೆ ಬಂದವರನ್ನೂ ಕೇಳುವುದು ಬಿಟ್ಟರು. ಗಿರಾಕಿ ಬಂದರೆ ತಲೆಯಾಡಿಸಿ ತಟ್ಟೆ ಇಡುವರು. ಜನ ಕಕ್ಕಾಬಿಕ್ಕಿಯಾಗಿ, ತಮ್ಮಿಂದೇನು ತಪ್ಪಾಯಿತೋ ಎಂಬಂತೆ ಗಬಗಬ ತಿಂದು ಎದ್ದುಹೋಗುತ್ತಿದ್ದರು. ನನ್ನನ್ನೂ ಕೇಳಲಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಅಳುತ್ತ ಮೂಲೆಯಲ್ಲಿ ಕೂತಿದ್ದಾಗ ಈ ಹೆಂಗಸು ಬಂದು, ಹೆಸರು ಕೂಡ ಕೇಳದೆ, "ಉಂಡ್ಯಾ?" ಅಂದಿದ್ದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಜಗಳವಾಡಿ ಮುಖ ತಿರುಗಿಸಿಕೊಂಡ ದಿನವೂ ಅವರು ಕೇಳುವುದು ಬಿಟ್ಟಿರಲಿಲ್ಲ. ಈಗ ಎದುರಿಗೇ ಕೂತಿದ್ದರೂ ಕೇಳುತ್ತಿಲ್ಲ.

"ಅತ್ತಿ, ನನಗ್ಯಾಕ ಕೇಳವಲ್ರಿ?" ಅಂದೆ.

"ಹೆಂಗ್ ಕೇಳ್ಲಿ ಇಂದೂ? ಯಾರಿಗೆ ಎಲ್ಲಿ ಚುಚ್ತದೋ ಏನೋ. ಇಷ್ಟ ದಿನ ಎಷ್ಟ್ ಮಂದಿಗೆ ಚುಚ್ಚೀನೋ, ಅವರು ಹೇಳಲಾರ್ದ ನುಂಗ್ಯಾರೋ." ಸೆರಗಿನಿಂದ ಕಣ್ಣೊರೆಸಿಕೊಂಡರು. ತುಟಿಗಿಳಿದ ಹನಿಯನ್ನು ನೆಕ್ಕಿ, "ಅಳಾಕೂ ರುಚಿ ಇಲ್ಲ ನೋಡ ಈಗ," ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾವಿನಕಾಯಿ ಹಾಳಾದರೆ ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತದೆ. ನನ್ನ ಅತ್ತೆಯ ಬಾಯಿಂದ ಆ ಮಾತು ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿಯೊಬ್ಬರನ್ನು ಒಲಿಸುವುದರ ಹೊರತು ಬೇರೆ ದಾರಿಯೇ ಇರಲಿಲ್ಲ.

ಅವರು ಮಧ್ಯಾಹ್ನ ಬರುತ್ತಿದ್ದರು. ಊರು ಊಟ ಮುಗಿಸಿ ಅಡ್ಡಾಗುವ ಹೊತ್ತು, ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ. ನಾನು ಪಾತ್ರೆ ತೊಳೆದಿಟ್ಟು, ನನ್ನ ಫೋನಿನಲ್ಲಿ ಹೋಗಿ, ದೂರದ ಬಂಡೆಯ ಮೇಲೆ ಬೆನ್ನು ಮಾಡಿ ಕುಳಿತೆ. ಬೆನ್ನು ಮಾಡಿದರೂ ಓರೆಗಣ್ಣಿನಲ್ಲಿ ಕಾಣುತ್ತಿತ್ತು ಅನ್ನಿ. ಕಿಟಕಿ ನೀರಿನಿಂದೆದ್ದು ಮೊದಲ ಗುಡ್ಡದ ಕಡೆ ಹೊರಟರು. ಪಾಚಿಗಲ್ಲಿನಲ್ಲಿ ಜಾರಿ ಬಿದ್ದರು, ಜೀವ ಅರ್ಧಕ್ಕಿಳಿಯಿತು. ಪಕ್ಕದಲ್ಲೇ ನೇರಳೆಮರ, ಕೈಗೆಟುಕುವಂತೆ ಹಣ್ಣು. ಮುಟ್ಟಲಿಲ್ಲ. ಕುಂಟುತ್ತ ಮುಂದೆ ಹೋಗಿ, ಮುಳ್ಳಿನಲ್ಲಿ ಸಿಕ್ಕಿ, ಜೀವ ಪೂರ್ತಿ ಕಳೆದು, ಮತ್ತೆ ಮೆಟ್ಟಿಲ ಮೇಲೆ ಎದ್ದು ನಿಂತರು. ಮತ್ತೆ ಹೊರಟರು, ಮತ್ತೆ ಹಣ್ಣು ಮುಟ್ಟಲಿಲ್ಲ, ಮತ್ತೆ ಸತ್ತರು. ಹೀಗೇ ನಡೆದಿತ್ತು.

ಅಯ್ಯೋ, ಹಣ್ಣು ತಿನ್ನಬೇಕು ಅಂತ ಗೊತ್ತಿಲ್ಲವಲ್ಲ ಇವರಿಗೆ, ಎಂದು ನನ್ನ ಬೆರಳು ತುರಿಸಿತು. ಕೇಳದೆ ಬುದ್ಧಿ ಹೇಳಿ ಉಪ್ಪು ಕಳೆದುಕೊಂಡವರ ಕಥೆಗಳೆಲ್ಲ ನೆನಪಾಗಿ ಸುಮ್ಮನಾದೆ. ಮರುದಿನವೂ ಹೋಗಿ ಬೆನ್ನು ಮಾಡಿ ಕುಳಿತೆ. ಅದರ ಮರುದಿನವೂ ಹೋದೆ. ನಾನು ಹತ್ತಿರ ಬರುವುದಿಲ್ಲ ಎಂದು ಅವರಿಗೆ ನಂಬಿಕೆ ಬಂದಿರಬೇಕು, ಒಮ್ಮೆ ಸತ್ತೆದ್ದು ಬಂದವರು ನನ್ನ ಬಂಡೆಯ ಪಕ್ಕದಲ್ಲೇ ನಿಂತರು. ಆಗ ಬರೆದೆ: "ಒಂದು ಮಾತು ಕೇಳಬಹುದಾ? ಬೇಡ ಅಂದರೆ ಕೇಳುವುದಿಲ್ಲ."

ಉತ್ತರವಾಗಿ ಅಕ್ಷರ ಮೂಡಿತು. "ಹಣ್ಣು ಯಾಕೆ ತಿನ್ನಲ್ಲ ಅಂತ ತಾನೇ?"

"ಹೌದು."

"ಮಳೆಗಾಲದಿಂದ ನಾನು ಬಾಯಿಂದ ಏನೂ ತಿಂದಿಲ್ಲ. ಗಂಟಲಿನ ಆಪರೇಷನ್ ಆಯಿತು. ಮಾತೂ ಇಲ್ಲ. ಹೊಟ್ಟೆಗೆ ಕೊಳವೆ ಹಾಕಿದ್ದಾರೆ, ಅದರಲ್ಲೇ ಎಲ್ಲ. ನೋಡಲು ಬಂದವರು ಕೂರುವ ಮೊದಲೇ ಕೇಳುತ್ತಾರೆ, ಏನು ತಗೊಂಡ್ರಿ, ಎಷ್ಟು ತಗೊಂಡ್ರಿ, ಯಾವಾಗಿಂದ ಊಟ ಮಾಡಬಹುದಂತೆ. ನನಗೆ ನನ್ನ ಹೆಸರು ಹೋಗಿ ಬರೀ ಊಟ ಉಳಿದಿದೆ. ಅದರ ಮಾತೇ ಇಲ್ಲದ ಜಾಗ ಸಿಗಲಿ ಅಂತ ಇಲ್ಲಿಗೆ ಬಂದೆ. ಬಂದ ತಕ್ಷಣ ಅಜ್ಜಿ ಅದನ್ನೇ ಕೇಳಿದರು. ಮರುದಿನ ಬಂದರೆ ಅನ್ನದ ರಾಶಿಯೇ ಹಾಕಿದ್ದರು."

ಏನು ಬರೆಯಲಿ? ಕ್ಷಮಿಸಿ ಅಂತ ಬರೆದು ಅಳಿಸಿದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಆಟದಲ್ಲೂ ತಿಂದರೇನೇ ಬದುಕು ಅಂತೆ. ನೋಡೇಬಿಡೋಣ. ಒಂದೂ ಹಣ್ಣು ಮುಟ್ಟದೆ ಈ ಗುಡ್ಡ ಹತ್ತಿ ತೋರಿಸ್ತೀನಿ."

ನನಗೆ ಆ ಹಟ ಇಷ್ಟವಾಗಿಬಿಟ್ಟಿತು. "ಹತ್ತುತ್ತೀರಿ ಬಿಡಿ," ಎಂದು ಬರೆದೆ. "ಇದನ್ನು ನಮ್ಮತ್ತೆಗೆ ಹೇಳಬಹುದಾ? ನಿಮ್ಮನ್ನು ನೋಯಿಸಿದ್ದಕ್ಕೆ ಅವರು ಮಾತು ಬಿಟ್ಟಿದ್ದಾರೆ."

"ಹೇಳಿ. ಆದರೆ ಅಳುವುದು ಬೇಡ. ಅಳುವವರು ನನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ."

ಮರುದಿನ ಬೆಳಿಗ್ಗೆ ಅತ್ತೆಗೆ ಹೇಳಿದೆ. ಹಿಟ್ಟಿನ ಕೈಯಲ್ಲೇ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನಾ ಆಡಿದ್ದು ಹಸಿದವರ ಹೊಟ್ಟಿ ಮ್ಯಾಲೆ ಒದ್ದಂಗಾತಲ್ಲ ಇಂದೂ," ಅಂದರು. ಅಳಬಾರದಂತೆ ಎಂದು ನೆನಪಿಸಿದೆ. "ಅವರು ಹಂಗಂದ್ರೇನು? ಭಾಳ ಘಟ್ಟಿ ಜೀವ ಬಿಡು," ಎಂದು ಮೂಗು ಏರಿಸಿಕೊಂಡು ಕಣ್ಣೀರು ತಡೆದರು.

ಈಗ ಬಂದದ್ದು ನಿಜವಾದ ಫಜೀತಿ. ಹೋಗಿ ಮಾತಾಡಿಸಬೇಕು, ಸರಿ. ಏನಂತ ಮಾತಾಡಿಸುವುದು? ನಾವಿಬ್ಬರೂ ಹಿತ್ತಿಲಲ್ಲಿ ಕುಳಿತು ಅಭ್ಯಾಸ ಮಾಡಿದೆವು. ನಾನು ಕಿಟಕಿಯಾದೆ, ಅತ್ತೆ ಅತ್ತೆಯೇ.

"ಆರಾಮ ಅದೀರೇನ್ರಿ?" ಅಂದರು. ಆರಾಮ ಇಲ್ಲ ಅಂತ ಗೊತ್ತಿದ್ದೂ ಕೇಳಿದಂತಾಗುತ್ತದೆ, ಬೇಡ ಅಂದೆ.

"ಯಾವೂರ್ರಿ ನಿಮ್ದು?" ಆಟಕ್ಕೆ ಬಂದವರನ್ನು ಊರು ಕೇರಿ ವಿಚಾರಿಸುವುದು ನಮ್ಮಲ್ಲಿ ನಿಷಿದ್ಧ.

"ಮನ್ಯಾಗ ಎಲ್ಲಾರೂ ಚಲೋ ಅದಾರ?" ಮನೆಯಲ್ಲಿ ಯಾರಿದ್ದಾರೋ, ಯಾರಿಲ್ಲವೋ, ನಮಗೇನು ಗೊತ್ತು?

ಅತ್ತೆ ಕೈ ಚೆಲ್ಲಿದರು. "ಹುಟ್ಟಿದಾಗಿಂದ ನಾ ಕೇಳಿದ್ದ ಒಂದ. ಅದನ್ನ ತಗದ್ರ ನನ್ನ ಬಾಯಾಗ ಏನೂ ಉಳಿಯಂಗಿಲ್ಲ." ಎದ್ದುಹೋಗಿ ಹಿಟ್ಟಿನ ಮುಂದೆ ಕುಳಿತರು. ಉಳಿದ ರೊಟ್ಟಿಯೆಲ್ಲ ಬಡಿದು ಮುಗಿಸಿದರು. ಆಮೇಲೆ ಕೈ ತೊಳೆದು, ಕನ್ನಡಕ ಹಾಕಿಕೊಂಡು, "ಹಚ್ಚು ಫೋನು," ಅಂದರು.

"ಏನ್ ಕೇಳ್ತೀರಿ?"

"ಗೊತ್ತಿಲ್ಲ. ಹಂಗಂತ ಹೇಳ್ತೀನಿ."

ಊರು ಅಡ್ಡಾಗಿತ್ತು. ಅತ್ತೆ ಮೆಟ್ಟಿಲ ಮೇಲೆ ನಿಂತರು, ಹೆಡ್‌ಫೋನು ಇರಲಿಲ್ಲವಾದ್ದರಿಂದ ಫೋನನ್ನು ಬಾಯಿಗೆ ಹತ್ತಿರ ಹಿಡಿದರು. ಕಿಟಕಿ ನೀರಿನಿಂದೆದ್ದರು. ಅತ್ತೆಯನ್ನು ನೋಡಿ ಒಂದು ಮೆಟ್ಟಿಲು ಹಿಂದೆ ಇಳಿದರು.

"ಹೋಗಬ್ಯಾಡ್ರಿ," ಅಂದರು ಅತ್ತೆ. "ಹೋಗೂದಿದ್ರ ಹೋಗ್ರಿ, ಆದ್ರ ನಂದೊಂದ್ ಮಾತು ಕೇಳಿ ಹೋಗ್ರಿ. ನನಗ ಬ್ಯಾರೆ ಏನೂ ಕೇಳಾಕ ಬರಂಗಿಲ್ರಿ. ಕಲಿತಿಲ್ಲ. ನಮ್ಮವ್ವ ಅದನ್ನ ಕೇಳ್ತಿದ್ಲು, ನಾನೂ ಅದನ್ನ ಕೇಳ್ಕೊಂತ ಬಂದ್ನಿ. ನಿಮಗ ನೋವಾತು, ನನಗ ಭಾಳ ಕೆಟ್ಟನಿಸ್ತು. ನಿಮ್ಮನ್ನ ಏನಂತ ಮಾತಾಡಸ್ಲಿ, ನೀವ ಹೇಳಿಕೊಡ್ರಿ."

ಕಿಟಕಿ ಕೆಳಗಿನ ಮೆಟ್ಟಿಲ ಮೇಲೆ ನಿಂತೇ ಇದ್ದರು. ಕಾಲ ಬುಡದಲ್ಲಿ ನೀರು ಆಡುತ್ತಿತ್ತು. ಒಂದೊಂದೇ ಅಕ್ಷರ ಬಂತು, ಅತ್ತೆ ಬೆರಳಿಟ್ಟು ಓದಿದರು.

"ನನ್ನನ್ನು ಏನೂ ಕೇಳಬೇಡಿ. ನಾನು ಕೇಳ್ತೀನಿ, ನೀವು ಹೇಳಿ. ಆ ಗುಡ್ಡದ ಆಚೆ ಏನಿದೆ?"

ಅತ್ತೆ ನನ್ನ ಮುಖ ನೋಡಿದರು. ನಾನು ಹೇಳಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದರು.

"ನನಗ ಗೊತ್ತಿಲ್ರಿ."

"ಎಷ್ಟು ದಿನದಿಂದ ಇದ್ದೀರಿ ಇಲ್ಲಿ?"

"ವರ್ಷಗಟ್ಟಲೆ ಆತ್ರಿ."

"ಒಂದು ಸಲವೂ ಹೋಗಿಲ್ವಾ?"

"ನಾ ಹ್ವಾದ್ರ ಬಂದವರನ್ನ ಯಾರ್ ಕರೀಬೇಕ್ರಿ?" ಅಂದರು ಅತ್ತೆ. ಬೇಸರದಿಂದೇನಲ್ಲ, ಒಲೆಯ ಮುಂದೆ ಯಾರು ಕೂರಬೇಕು ಅಂತ ಕೇಳುವಷ್ಟೇ ಸಹಜವಾಗಿ. ಆದರೆ ನನಗೆ ಅದನ್ನು ಕೇಳಿ ನಾಚಿಕೆಯಾಯಿತು. ಇಡೀ ಊರು ಏಳು ಗುಡ್ಡ ಹತ್ತಿ ಇಳಿದು ಬರುತ್ತಿದ್ದಾಗ, ಈ ಹೆಂಗಸು ಅಲ್ಲಿಯೂ ಬಾಗಿಲಲ್ಲೇ ನಿಂತಿದ್ದಾರೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕಿಟಕಿ ಮೆಟ್ಟಿಲು ಹತ್ತಿ ಅತ್ತೆಯ ಪಕ್ಕಕ್ಕೆ ಬಂದರು. "ಹಾಗಾದರೆ ನೀವೂ ಹೊಸಬರೇ. ನಡೀರಿ, ಹೋಗೋಣ."

ಅತ್ತೆಗೆ ನಡೆಯಲು ಬರುತ್ತಿರಲಿಲ್ಲ. ನಿಲ್ಲುವುದಷ್ಟೇ ಅಭ್ಯಾಸ. ಮುಂದೆ ಹೋಗಲು ಒತ್ತಿದರೆ ಸುತ್ತು ತಿರುಗಿದರು, ತಿರುಗಲು ಹೋಗಿ ಪೊದೆಗೆ ನುಗ್ಗಿದರು. ಕಿಟಕಿ ನಗಲಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಅನ್ನಲಿಲ್ಲ, ತಿರುಗಿ ನೋಡುತ್ತ ನಿಲ್ಲಲೂ ಇಲ್ಲ. ನಿಧಾನಕ್ಕೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಅಲ್ಲಿ ಏನೋ ಹೂವು ನೋಡುವವರಂತೆ ಕಾಯುತ್ತಿದ್ದರು. ಅತ್ತೆ ಬಂದು ಸೇರಿದ ಮೇಲೆ ಮತ್ತೆ ಹೊರಡುತ್ತಿದ್ದರು. ಪಾಚಿಗಲ್ಲಿನಲ್ಲಿ ಅತ್ತೆ ದೊಪ್ಪನೆ ಹಳ್ಳಕ್ಕೆ ಬಿದ್ದಾಗ ಮಾತ್ರ ಹತ್ತಿರ ಬಂದು ಬರೆದರು: "ಕೈ ಕೊಡಲಾ?"

"ಕೊಡ್ರಿ, ಕೊಡ್ರಿ. ಸೊಂಟ ಮುರೀತು," ಎಂದು ಅತ್ತೆ ನಿಜವಾದ ಸೊಂಟ ಹಿಡಿದುಕೊಂಡರು.

ನೇರಳೆಮರದ ಕೆಳಗೆ ಬಂದಾಗ ಇಬ್ಬರ ಜೀವವೂ ಅರ್ಧವಾಗಿತ್ತು. ಕಿಟಕಿ ಮರ ದಾಟಿದರು. ಅತ್ತೆ ಹಣ್ಣಿನ ಕಡೆ ತಲೆಯೆತ್ತಲೇ ಇಲ್ಲ. "ನೀವು ತಿನ್ನಿ, ನನಗೇನೂ ಬೇಜಾರಿಲ್ಲ," ಎಂದು ಕಿಟಕಿ ಬರೆದರು. "ಹೋಗ್ರಿ, ಹಸಿವಿಲ್ಲ ನನಗ. ಗುಡ್ಡ ಹತ್ತೂನು," ಅಂದರು ಅತ್ತೆ. ಇಬ್ಬರೂ ಕುಂಟುತ್ತ ಹತ್ತಿದರು. ಸತ್ತರು. ಮೆಟ್ಟಿಲ ಮೇಲೆ ಒಟ್ಟಿಗೆ ಎದ್ದು ನಿಂತು, ಮತ್ತೆ ಹೊರಟರು. ಎಷ್ಟೋ ಸಲ ಹೀಗಾಯಿತು. ಒಮ್ಮೆ ಮುಳ್ಳಿನ ಕಣಿವೆಯಲ್ಲಿ ಇಬ್ಬರೂ ಎದುರುಬದುರು ಸಿಕ್ಕಿಕೊಂಡು, ಯಾರು ಮೊದಲು ಬಿಡಿಸಿಕೊಳ್ಳಬೇಕು ಎಂದು ತಿಳಿಯದೆ ಪೇಚಾಡಿದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕರು. ಆ ಕಡೆಯಿಂದ ಕಿಟಕಿ "ಹಹಹಹ" ಎಂದು ಒಂದು ಸಾಲು ತುಂಬ ಬರೆದರು.

ನಾನು ರಾತ್ರಿಯ ಅಡುಗೆಗೆ ಒಲೆ ಹಚ್ಚಲು ಎದ್ದೆ. ಕಟ್ಟಿಗೆ ಊದುತ್ತಿದ್ದಾಗ ಬೆವರು ತುಟಿಗಿಳಿಯಿತು. ಉಪ್ಪುಪ್ಪಾಗಿತ್ತು. ನಂಬಿಕೆಯಾಗದೆ ಭರಣಿಯಿಂದ ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡೆ, ಚುರುಕೆಂದಿತು. ಅತ್ತೆಗೆ ಹೇಳಲು ಓಡಿದೆ. ಅವರು ಕನ್ನಡಕದೊಳಗಿನಿಂದ ಕಣ್ಣು ಕಿರಿದು ಮಾಡಿ, ನಾಲಿಗೆ ತುಟಿಯ ಮೇಲಿಟ್ಟು, ಕಡಿದಾದ ಏರು ಹತ್ತುತ್ತಿದ್ದರು.

"ಅತ್ತೀ, ಉಪ್ಪು ಬಂತ್ರಿ."

"ಸುಮ್ನಿರ, ಇಲ್ಲಿ ಜಾರ್ತೈತಿ."

ಅಷ್ಟು ಹೊತ್ತಿಗೆ ಬೀದಿಯಲ್ಲಿ ಗದ್ದಲ ಎದ್ದಿತ್ತು. ಹಟಕ್ಕೆ ಸೇರುಗಟ್ಟಲೆ ಸುರಿದು ಕಲಸಿಟ್ಟವರ ಉಪ್ಪಿನಕಾಯಿ ಬಾಯಿಗಿಡಲಾರದಷ್ಟು ಉಪ್ಪಾಗಿ ಕೂತಿತ್ತು. ಹೊಳೆಬಸಪ್ಪ ಮೂರು ಚೊಂಬು ನೀರು ಕುಡಿದು, ಇನ್ನೂ ನಾಲಿಗೆ ಹೊರಗೆ ಹಾಕಿಕೊಂಡೇ ಬಂದ. ಕೈಯಲ್ಲಿ ಅತ್ತೆಯ ಹೆಡ್‌ಫೋನು. "ತಗೋ ತುಂಗಕ್ಕ, ನಂದ ತಪ್ಪಾತು," ಅಂದ. "ಬಾ, ಮೆಟ್ಟಿಲ ಮ್ಯಾಲೆ ನಿಂದ್ರು. ಈಗೊಬ್ರು ಹೊಸಬರು ಬಂದಾರ, ನಾವ್ ಯಾರೂ ಬಾಯಿ ಬಿಟ್ಟಿಲ್ಲ."

ಅತ್ತೆ ಹೆಡ್‌ಫೋನು ತೆಗೆದುಕೊಂಡು ಸೆರಗಿನ ಮೇಲೆ ಏರಿಸಿದರು. "ನೀನ ನಿಂದ್ರ ಹೋಗೋ ಬಸ್ಯಾ."

"ನಾನಾ? ನಾ ಏನಂತ ಮಾತಾಡಸ್ಲಿ?"

"ಏನ್ ಕೇಳ್ಬೇಕು ಅಂತ ಅವರನ್ನ ಕೇಳು. ಹೇಳ್ತಾರ."

ಅತ್ತೆ ತಲೆ ಎತ್ತಲಿಲ್ಲ. ಹೊಳೆಬಸಪ್ಪ ತನ್ನ ಫೋನು ತೆಗೆದು, ದೇವರನ್ನು ನೆನೆದವನಂತೆ ಒಂದು ಸಲ ಕಣ್ಣು ಮುಚ್ಚಿ ಕಟ್ಟೆಯ ಮೇಲೆ ಕುಳಿತ.

ನಾನು ಅತ್ತೆಯ ಬೆನ್ನ ಹಿಂದಿನಿಂದ ಬಗ್ಗಿ ನೋಡಿದೆ. ಗುಡ್ಡದ ನೆತ್ತಿ ಬಂದಿತ್ತು. ಇಬ್ಬರ ಜೀವವೂ ಗೆರೆಯಷ್ಟೇ ಉಳಿದಿತ್ತು, ಆದರೆ ಹತ್ತಿದ್ದರು. ಆಚೆ ಕಡೆ ಒಂದು ಬಯಲು, ಬಯಲಿನಲ್ಲಿ ನಮ್ಮೂರಿನವರಲ್ಲದ ಬೇರೆ ಯಾರೋ ಆಟಗಾರರು ಬೆಂಕಿ ಹಾಕಿಕೊಂಡು ಕುಳಿತಿದ್ದರು. ಅವರಲ್ಲೊಬ್ಬ ಎದ್ದು ಬಂದ. ಕಿಟಕಿಯನ್ನೂ, ನೆಟ್ಟಗೆ ನಿಲ್ಲಲೂ ಬಾರದೆ ಓರೆಯಾಗಿ ನಿಂತಿದ್ದ ಅತ್ತೆಯನ್ನೂ ನೋಡಿ, "ಯಾರಿವರು, ಇಷ್ಟು ನಿಧಾನ?" ಎಂದು ಬರೆದ.

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಹೊಸ ಜಾಗದಲ್ಲಿ ಮೊದಲ ಮಾತು ಹೇಗೆ ತಾಗುತ್ತದೆ ಎನ್ನುವುದು ಅವರಿಗೆ ಅವತ್ತೇ ಗೊತ್ತಾದದ್ದು.

ಕಿಟಕಿ ಬರೆದರು: "ನಮ್ಮವರು. ನಾನೇ ಕರ್ಕೊಂಡು ಬಂದೆ."

ಅತ್ತೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ನನ್ನ ಕಡೆ ತಿರುಗದೆಯೇ ಹೇಳಿದರು: "ಇಂದೂ, ಇವತ್ತು ಗಿರಾ‌ಕಿಗೆ ನೀನ ರೊಟ್ಟಿ ಬಡಿಯವ್ವ. ನಾವಿನ್ನೂ ಆರು ಗುಡ್ಡ ನೋಡೂದೈತಿ."